ಶಂಭುಲಿಂಗನ ಹೆಬ್ಬೆರಳು

ಕಬಡ್ಡಿ ಅಂಗಳದಲ್ಲಿ ಹಿಡಿಯುವವನಾಗಿ ಎಷ್ಟೋ ಜನರ ಕಾಲು ಅಪ್ಪಿಕೊಂಡು ಮಣ್ಣು ತಿಂದವನು ನಾನು, ಗಜೇಂದ್ರಗಡದ ರಮಜಾನಸಾಬ. ಕಾಲಿನ ವಿಷಯದಲ್ಲಿ ಬೇರೆಯವರ ಮಾತನ್ನು ನಾನು ಕೇಳುವುದಿಲ್ಲ. ಶಂಭುಲಿಂಗನ ಬಲಗಾಲಿನಂಥ ಕಾಲು ನಮ್ಮ ಸೀಮೆಯಲ್ಲೇ ಇಲ್ಲ. ಇರಲಿಲ್ಲ ಅನ್ನಬೇಕು ಈಗ.

ಅವನು ನೇಕಾರ. ಮನೆಯಲ್ಲಿದ್ದದ್ದು ಕುಣಿಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಸೀರೆ ನೇಯಬೇಕು. ಆ ಕುಣಿಗೆ ಬೆಳಕು ಇಳಿಯುವುದಿಲ್ಲ, ಕಣ್ಣು ಮೇಲೆ ನೂಲಿನ ಮೇಲಿರಬೇಕು, ಹಲಗೆಯನ್ನು ಹೆಬ್ಬೆರಳೇ ಹುಡುಕಿಕೊಳ್ಳಬೇಕು. ಅದೇ ಹೆಬ್ಬೆರಳು ಸಂಜೆ ಅಂಗಳಕ್ಕೆ ಬಂದರೆ ಎದುರಾಳಿಯ ಮೊಣಕಾಲು ಮುಟ್ಟಿ, ಅವನು ಕಣ್ಣು ಮಿಟುಕಿಸುವುದರೊಳಗೆ ವಾಪಸು ಬಂದಿರುತ್ತಿತ್ತು. ಸುಣ್ಣದ ಗೆರೆ ದಾಟಿದ್ದು ಅವನಿಗೆ ಅಂಗಾಲಿನಲ್ಲೇ ತಿಳಿಯುತ್ತಿತ್ತು. ಎರಡೂ ಕಡೆ ಚಪ್ಪಲಿ ಹೊರಗೆ. “ಮಗ್ಗಕ್ಕಾತು, ಮಣ್ಣಿಗಾತು, ಬರಿಗಾಲಲೇ ಇಳೀಬೇಕು” ಎಂದು ಅವನ ತಾಯಿ ಕಳಕವ್ವ ಸಣ್ಣಂದಿನಿಂದ ಹೇಳಿಕೊಟ್ಟಿದ್ದಳು.

ಟಿವಿಯಲ್ಲಿ ಬರುವ ದೊಡ್ಡ ಕಬಡ್ಡಿಯ ಒಂದು ತಂಡ, ಪಂದ್ಯಗಳು ಶುರುವಾಗುವ ಮೊದಲು ಹುಬ್ಬಳ್ಳಿಯ ಹತ್ತಿರ ಶಿಬಿರ ಹೂಡಿತು. ಎದುರಾಳಿಗಳ ಅಂಗಳಕ್ಕೆ ನುಗ್ಗಿ ಮುಟ್ಟಿಬರುವ ರೈಡರ್‌ಗಳಲ್ಲಿ ಒಂದೇ ಜಾಗ ಖಾಲಿಯಿತ್ತು. ನರಗುಂದದ ಪಂದ್ಯವೊಂದರಲ್ಲಿ ನೋಡಿ ಮೆಚ್ಚಿದ್ದ ತಂಡದವರು ಆ ಜಾಗಕ್ಕೆ ನಮ್ಮ ಕಡೆಯ ಇಬ್ಬರನ್ನು ಕರೆದರು: ಶಂಭುಲಿಂಗನನ್ನು, ಯಾವಗಲ್ ಊರಿನ ತೌಸೀಫನನ್ನು. ತೌಸೀಫ ಕಾಲೇಜು ಹುಡುಗ, ಬೂಟು ಹಾಕಿ ಮ್ಯಾಟಿನ ಮೇಲೆ ಆಡಿಯೇ ಬೆಳೆದವನು. ಶಂಭುಲಿಂಗನಿಗೆ ಮೂವತ್ತು ತುಂಬುತ್ತಿತ್ತು. ಈ ಸಲ ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ.

“ಒಂದ್ ಸಲ ಅಂಗಿ ಬೆನ್ನ ಮ್ಯಾಲ ನನ್ನ ಹೆಸರ ಬರಲಿ ರಮಜಾನಾ, ಆಮ್ಯಾಲ ಸಾಯೂತನಾ ನೇಯಕೋತ ಕೂಡತೀನಿ” ಎಂದ ಬಸ್ಸಿನಲ್ಲಿ. ಅವನ ಕಾಲು ನೀವಲು ಒಬ್ಬರು ಬೇಕಲ್ಲ, ನಾನೂ ಹೊರಟಿದ್ದೆ.

ಮೊದಲ ದಿನವೇ ಅವನು ತಂಡದವರು ಕೊಟ್ಟ ಹೊಸ ಬೂಟನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋದ. ಎಲ್ಲರೂ ನಕ್ಕರು. ಬೂಟಿಲ್ಲದೆ ಮ್ಯಾಟ್ ಹತ್ತುವಂತಿಲ್ಲ ಎಂದು ಕೋಚ್ ವಾಪಸು ಕಳಿಸಿದರು. ಲೇಸು ಕಟ್ಟುವುದನ್ನು ತೌಸೀಫನೇ ಕೂತು ಕಲಿಸಿದ. ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ನನಗೆ ಬೈಯುವುದಕ್ಕಾದರೂ ಅನುಕೂಲವಾಗುತ್ತಿತ್ತು.

ಬೂಟಿನೊಳಗೆ ಹೋದ ಮೇಲೆ ಆ ಹೆಬ್ಬೆರಳು ಕುರುಡಾಯಿತು. ಗೆರೆ ಎಲ್ಲಿ, ಅಂಚು ಎಲ್ಲಿ ಎಂದು ಶಂಭುಲಿಂಗ ಹೆಜ್ಜೆಗೊಮ್ಮೆ ಬಗ್ಗಿ ನೋಡುವನು. ಅಷ್ಟರಲ್ಲಿ ನಾಲ್ಕು ಜನ ಮೈಮೇಲೆ ಬಿದ್ದಿರುತ್ತಿದ್ದರು.

“ಕೆಳಗ್ಯಾಕಯ್ಯಾ ನೋಡ್ತೀಯಾ? ಎದುರಿಗೆ ನೋಡು!” ಎಂದು ಮೈಸೂರು ಕಡೆಯ ಆ ಕೋಚ್ ದಿನವೂ ಕೂಗುತ್ತಿದ್ದರು. ಯಾರನ್ನು ಆರಿಸುತ್ತೀರಿ ಎಂದು ನಾನೇ ಧೈರ್ಯ ಮಾಡಿ ಕೇಳಿದೆ. “ಇಬ್ರೂ ಚೆನ್ನಾಗಿದಾರೆ, ಕೊನೇ ಪಂದ್ಯ ನೋಡೋಣ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಆ ಕೊನೆಯ ಪಂದ್ಯದ ಮೊದಲರ್ಧದಲ್ಲಿ ಶಂಭುಲಿಂಗ ಹೋದಾಗಲೆಲ್ಲ ಸಿಕ್ಕಿಬಿದ್ದ. ತೌಸೀಫ ಹೋದಾಗಲೆಲ್ಲ ಅಂಕ ತಂದ. ವಿರಾಮದಲ್ಲಿ ಶಂಭುಲಿಂಗ ಕಾಣಿಸಲಿಲ್ಲ. ಹುಡುಕಿದರೆ ಬಚ್ಚಲ ಪಕ್ಕ ಕೂತು, ನೂಲು ಕತ್ತರಿಸುವ ಬ್ಲೇಡಿನಿಂದ ಬಲಗಾಲಿನ ಬೂಟಿನ ಮೂತಿ ಕೊಯ್ಯುತ್ತಿದ್ದ.

“ಏನ್ ಮಾಡಾಕತ್ತೀಯೋ ಹುಚ್ಚಾ?”

“ಬೂಟ ಹಾಕ್ಕೊಂಡೇನಿ ಅಂತ ಅವರಿಗೂ ಆತು, ಬರಿಗಾಲ ಅಂತ ನನಗೂ ಆತು” ಎಂದು ಹೆಬ್ಬೆರಳನ್ನು ಹೊರಗೆ ಹಾಕಿ ಆಡಿಸಿ ತೋರಿಸಿದ. ಆ ಶಿಬಿರದಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಆಮೇಲೆ ನೋಡಬೇಕಿತ್ತು ನೀವು! ಹೋಗುವನು, ಕಾಲು ಚಾಚುವನು, ಮುಟ್ಟಿ ಬರುವನು. ಒಮ್ಮೆಯೂ ಕೆಳಗೆ ನೋಡಲಿಲ್ಲ. ಕುರ್ಚಿಯಲ್ಲಿದ್ದ ಕೋಚ್ ಎದ್ದು ನಿಂತರು. ನನ್ನ ಕಣ್ಣಲ್ಲಿ ನೀರು ಬಂತು, ಯಾಕೆ ಸುಳ್ಳು ಹೇಳಲಿ.

ಮ್ಯಾಟ್ ಎಂದರೆ ಒಂದೇ ಹಾಸಲ್ಲ, ತುಂಡಿಗೆ ತುಂಡು ಜೋಡಿಸಿದ್ದು. ಮುಟ್ಟಿ ಹಿಂದಿರುಗುವಾಗ ಆ ಸಂದಿನಲ್ಲಿ ಹೆಬ್ಬೆರಳು ಸಿಕ್ಕಿತು. ಮೈ ಈಚೆ ಬಂತು, ಬೆರಳು ಅಲ್ಲೇ ಉಳಿದು ಮುರಿಯಿತು. ಅವನನ್ನು ಯಾರೂ ಹಿಡಿದಿರಲಿಲ್ಲ, ತಾನೇ ಬಿದ್ದ. ಕೋಚ್ ಓಡಿ ಬಂದವರು ಕೊಯ್ದ ಬೂಟನ್ನು ನೋಡಿದರು. “ಯಾರಯ್ಯಾ ಹೇಳಿದ್ದು ನಿಂಗೆ ಇದನ್ನ ಕತ್ತರಿಸು ಅಂತ?” ಎಂದವರು ಉತ್ತರಕ್ಕೆ ಕಾಯದೆ ತೌಸೀಫನ ಕಡೆ ತಿರುಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದವಾಖಾನೆಯಲ್ಲಿ ಪಟ್ಟಿ ಕಟ್ಟಿದರು. ಮೂಳೆ ಸೊಟ್ಟಗೆ ಕೂಡಿತು. ಬೆರಳು ಇದೆ, ಆದರೆ ಬಾಗುವುದಿಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ.

ತೌಸೀಫ ಈಗ ಟಿವಿಯಲ್ಲಿ ಬರುತ್ತಾನೆ. ರಜೆಗೆ ಬಂದವನು ತನ್ನ ತಂಡದ ಅಂಗಿ ಹಿಡಿದು ಶಂಭುಲಿಂಗನ ಮನೆಗೇ ಬಂದ. ನಾನೂ ಅಲ್ಲೇ ಇದ್ದೆ. “ಇದನ್ನ ನೀವ ಇಟ್ಗೋರಿ ಅಣ್ಣಾ. ಮುಂದಿನ ವರ್ಷ ನೀವೂ ಬರ್ರಿ” ಎಂದ. ಬಾಯಿಮಾತೆಂದು ಮೂವರಿಗೂ ಗೊತ್ತಿತ್ತು. ಶಂಭುಲಿಂಗ ಬೆನ್ನಿನ ಅಕ್ಷರಗಳ ಮೇಲೆ ಕೈಯಾಡಿಸಿದ. “ಹೆಸರ ಚಲೋ ಮೂಡೇತಿ ತಮ್ಮಾ” ಎಂದು ಮಡಚಿ ವಾಪಸು ಕೊಟ್ಟ.

ತೌಸೀಫ ಹೋದ ಮೇಲೆ ಶಂಭುಲಿಂಗ ಎದ್ದು ಮಗ್ಗದ ಹತ್ತಿರ ಹೋದ. ಬೆರಳು ಮುರಿದಾಗಿನಿಂದ ನೇಯುವವಳು ಹೆಂಡತಿ ವಿಜಯಲಕ್ಷ್ಮಿ; ಇವನು ಪಕ್ಕದಲ್ಲಿ ಕೂತು ನೂಲು ಸುತ್ತಿ ಕೊಡುತ್ತಾನೆ. “ಒಂದೀಟ ಸರಿ” ಎಂದು ಅವಳನ್ನು ಎಬ್ಬಿಸಿ ತಾನು ಕೂತ. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದ. ಕಾಲು ಕುಣಿಯೊಳಗೆ ಆಚೆ ಈಚೆ ತಡಕಾಡಿ ತಪ್ಪು ಹಲಗೆ ತುಳಿಯಿತು. ಎಳೆಗಳು ಹರಿದವು. ಅವನು ಬಗ್ಗಿ ಕತ್ತಲೆಯೊಳಗೆ ಕಣ್ಣು ನೆಟ್ಟ.

ವಿಜಯಲಕ್ಷ್ಮಿ ಅವನ ಭುಜದ ಮೇಲೆ ಕೈಯಿಟ್ಟಳು. “ಕೆಳಗ ನೋಡಕೋತ ನೇಯಾಕ ಆಗತೈತೇನ್ರಿ? ಏಳ್ರಿ, ನಾ ಕೂಡತೀನಿ.”

ಅವನು ಎದ್ದ.