ಏಳನೇ ತಿರುವಿನ ಸಿಂಗಳೀಕ

ಒಂದು ಸತ್ಯ ಹೇಳಿಬಿಡುತ್ತೇನೆ, ನಿಮ್ಮಲ್ಲೇ ಇರಲಿ. ಇಪ್ಪತ್ತಾರು ವರ್ಷಗಳಿಂದ ಬೆಳ್ತಂಗಡಿಯ ಶಾಲೆಯೊಂದರಲ್ಲಿ ಪಶ್ಚಿಮ ಘಟ್ಟಗಳ ಪಾಠ ಮಾಡುತ್ತಿರುವ ನಾನು ಅವನ್ನು ಸರಿಯಾಗಿ ನೋಡಿಯೇ ಇಲ್ಲ. ಚಾರ್ಮಾಡಿ ಘಾಟಿಯನ್ನು ಎಷ್ಟೋ ಸಲ ಹತ್ತಿ ಇಳಿದಿದ್ದೇನೆ, ನಿಜ. ಆದರೆ ಮೊದಲ ತಿರುವಿಗೇ ನನ್ನ ಹೊಟ್ಟೆ ತೊಳಸುತ್ತದೆ. ಮೂಗಿಗೆ ಲಿಂಬೆ ಹಿಡಿದು ಕಣ್ಣು ಮುಚ್ಚಿದವನು ಮತ್ತೆ ಕಣ್ಣು ಬಿಡುವುದು ಘಾಟಿಯ ತುದಿಯ ಕೊಟ್ಟಿಗೆಹಾರದ ನೀರುದೋಸೆಯ ಪರಿಮಳಕ್ಕೆ. ಪಶ್ಚಿಮ ಘಟ್ಟವೆಂದರೆ ನನ್ನ ಪಾಲಿಗೆ ಲಿಂಬೆಯ ವಾಸನೆ.

ಹಾಗೆಂದು ಪಾಠವೇನೂ ಸೊರಗಲಿಲ್ಲ. ಶೋಲಾ ಕಾಡು, ಹುಲ್ಲುಗಾವಲು, ಮೋಡವನ್ನು ತಡೆದು ನಮಗೆ ಮಳೆ ಸುರಿಸುವ ಗೋಡೆ ಎಂದು ಬೋರ್ಡಿನ ತುಂಬ ಚಿತ್ರ ಬಿಡಿಸುತ್ತೇನೆ. ಕಿಟಕಿಯಾಚೆ ನಿಜವಾದ ಬೆಟ್ಟ ನೀಲಿಯಾಗಿ ನಿಂತಿರುತ್ತದೆ. ನಾನು ಅದಕ್ಕೆ ಬೆನ್ನು ಹಾಕಿ ಬರೆಯುತ್ತಿರುತ್ತೇನೆ.

ಈ ವರ್ಷ ಎಂಟನೇ ತರಗತಿಯ ಶ್ರಾವ್ಯ ಎದ್ದು ನಿಂತು ಕೇಳಿದಳು, "ಸರ್, ನೀವು ಸಿಂಗಳೀಕವನ್ನು ಎಲ್ಲಿ ನೋಡಿದ್ದು?"

ನೋಡಿಲ್ಲ ಎನ್ನುವುದು ನಮ್ಮಂಥ ಮೇಷ್ಟ್ರುಗಳಿಗೆ ಬರುವ ಭಾಷೆಯಲ್ಲ. ಚಾರ್ಮಾಡಿಯ ಏಳನೇ ತಿರುವಿನಲ್ಲಿ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಮುಖದ ಸುತ್ತ ಬೆಳ್ಳಿಗೂದಲು, ಹೊಟ್ಟೆಗೆ ಅಂಟಿಕೊಂಡ ಮರಿ, ಎಲ್ಲ ಸೇರಿಸಿದೆ.

ಸೋಮವಾರ ಅವಳು ನೋಟುಪುಸ್ತಕ ತಂದು ಮೇಜಿನ ಮೇಲಿಟ್ಟಳು.

"ನಿನ್ನೆ ಅಪ್ಪನೊಟ್ಟಿಗೆ ಹೋಗಿದ್ದೆ ಸರ್. ಅವರು ರಬ್ಬರ್ ಟ್ಯಾಪಿಂಗ್ ಬಿಟ್ಟು ಬಂದಿದ್ರು. ಸಂಜೆವರೆಗೆ ಏಳನೇ ತಿರುವಿನಲ್ಲೇ ಕೂತಿದ್ದೆವು."

ಪುಟದಲ್ಲಿ ದುಂಡಗೆ ಬರೆದಿದ್ದಳು: ಕೆಂದಳಿಲು ಒಂದು. ಮಂಗಟ್ಟೆ ಹಕ್ಕಿ ಎರಡು. ಚುರುಮುರಿ ತಿನ್ನುವ ಮಂಗಗಳು ತುಂಬಾ ಉಂಟು. ಅಪ್ಪನ ಕಾಲಿನಲ್ಲಿ ರಕ್ತ ಕುಡಿಯುವ ಇಂಬಳ ಮೂರು. ಕೊನೆಯ ಸಾಲು: ಸರ್ ನೋಡಿದ ಸಿಂಗಳೀಕ ಕಾಣಲಿಲ್ಲ.

"ನಮ್ಮ ಸ್ಕೂಟರಿನ ಶಬ್ದಕ್ಕೆ ಓಡಿರಬೇಕು ಸರ್," ಎಂದಳು, ತಪ್ಪೆಲ್ಲ ತನ್ನದೇ ಎಂಬಂತೆ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಒಂದು ದಿನದ ದುಡಿಮೆ ಬಿಟ್ಟು, ಮಗಳಿಗಾಗಿ ರಸ್ತೆಬದಿಯಲ್ಲಿ ಕುಳಿತ ಆ ಮನುಷ್ಯನ ಕಾಲು ಕಣ್ಣ ಮುಂದೆ ಬಂತು. ಆ ಮೂರು ಇಂಬಳಗಳು ನ್ಯಾಯವಾಗಿ ನನಗೆ ಸೇರಬೇಕಾದವು.

"ನಾನು ನೋಡಲೇ ಇಲ್ಲ ಮಗಾ," ಎಂದೆ. "ಅವತ್ತು ಸುಳ್ಳು ಹೇಳಿದೆ."

ಶ್ರಾವ್ಯ ನಗಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಕೊನೆಯ ಸಾಲಿನಲ್ಲಿ 'ಸರ್ ನೋಡಿದ' ಎಂಬುದನ್ನು ಮಾತ್ರ ಸ್ಕೇಲ್ ಇಟ್ಟು ನೀಟಾಗಿ ಹೊಡೆದುಹಾಕಿದಳು.

"ಈಗ ಸರಿ ಹಾಕಿ ಸರ್."

ಕೆಂಪು ಪೆನ್ನು ತೆಗೆದೆ. ಘಟ್ಟದ ಬಗ್ಗೆ ಇಷ್ಟು ವರ್ಷ ನಾನು ಸರಿ ಹಾಕಿದ ಪುಟಗಳಲ್ಲೆಲ್ಲ, ಸರಿಯೆಂದು ನನಗೆ ಖಾತ್ರಿಯಿದ್ದದ್ದು ಅದೊಂದೇ.