ಮಧ್ಯಾಹ್ನದ ನೀರು

ನನ್ನ ತಂಗಿಯ ತೊಡೆಯನ್ನು ನಾನು ಒಮ್ಮೆ ಚಿವುಟಿದೆ. ಅದನ್ನೇ ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆ ಕಲಿತವಳು ನಾನು, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಮೂಡಲಗಿ ಹತ್ತಿರದ ಹಳ್ಳಿ ನಮ್ಮದು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಕೇರಿಯ ಮಕ್ಕಳನ್ನೂ ಒಳಗೆ ಕೂಡಿಸಿರೆಂದು ಹುಕುಂ ಬಂದು ನಾವು ಸಾಲಿಯ ಒಳಗೆ ಕೂತಿದ್ದೆವು. ನೀರಿನ ಕೊಡ ಮಾತ್ರ ಮುಟ್ಟುವಂತಿರಲಿಲ್ಲ. ಮೇಲಿನ ಓಣಿಯ ದೊಡ್ಡ ಹುಡುಗಿಯೊಬ್ಬಳು ಎತ್ತರದಿಂದ ಸುರಿಯಬೇಕು, ನಾವು ಬೊಗಸೆಯೊಡ್ಡಿ ಕುಡಿಯಬೇಕು. ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋಗುವಳು. ಆಮೇಲೆ ಸುರಿಯುವವರಿಲ್ಲ. ಗಂಟಲು ಒಣಗಿ ನಾವು ಹಳ್ಳ ದಾಟಿ ಕೇರಿಗೆ ನಡೆಯುತ್ತಿದ್ದೆವು. ನೀರು ಕುಡಿದು ತಿರುಗಿ ಬರುವಷ್ಟರಲ್ಲಿ ಬಾಗಿಲು ಹಾಕಿ ಲೆಕ್ಕ ಶುರು ಮಾಡಿರುತ್ತಿದ್ದರು. ತಡವಾದವರು ಹೊರಗೆ. ಬರಬರುತ್ತಾ ತಿರುಗಿ ಹೋಗುವುದನ್ನೇ ಬಿಟ್ಟೆವು. ಕೇರಿಯವರ ತಲೆಗೆ ಲೆಕ್ಕ ಹತ್ತುವುದಿಲ್ಲ ಎಂದು ಮಾಸ್ತರರು ನಂಬಿದ್ದರು.

ತಂಗಿಗೋ ಲೆಕ್ಕದ ಹುಚ್ಚು. ಮಾಡಿನ ಹಂಚು, ಆಡಿನ ಕಾಲು, ದಾರಿಯ ಹೆಜ್ಜೆ ಎಲ್ಲ ಎಣಿಸುವಳು. ಆ ವರ್ಷ ಲೆಕ್ಕದಲ್ಲಿ ನಪಾಸಾದರೆ ಸಾಲಿ ಬಿಡಿಸಿ ಕಳೆ ತೆಗೆಯಲು ಕಳಿಸುತ್ತೇನೆಂದು ಅವ್ವ ಹೇಳಿದ್ದಳು.

ಆಗ ಗೋಕಾಕದಿಂದ ಸಾಹೇಬರೊಬ್ಬರು ಚೌಕಶಿಗೆ ಬರುತ್ತಾರೆಂದು ಸುದ್ದಿಯಾಯಿತು. ಕೇರಿಯ ಮಕ್ಕಳು ಅರ್ಧ ದಿನಕ್ಕೇ ಯಾಕೆ ಹೋಗುತ್ತಾರೆ ಎಂದು ಸರಕಾರಕ್ಕೆ ತಿಳಿಯಬೇಕಿತ್ತಂತೆ.

"ಅಕ್ಕಾ, ನೀರಿನ ಮಾತ ಹೇಳೂಣು," ಎಂದಳು ತಂಗಿ. "ಮಧ್ಯಾಹ್ನ ಒಬ್ಬರು ನೀರ ಹಾಕಾಕ ನಿಂತ್ರ ಸಾಕು, ನಾ ಪಾಸಾಗತೇನಿ."

ಹಿಂದಿನ ದಿನ ಮಾಸ್ತರರು ನನ್ನನ್ನು ಕರೆದರು. "ಮನಿ ಕೆಲಸ ಇರತೈತ್ರಿ ಅನ್ನು. ನೀರಿನ ಮಾತ ತೆಗದಿ ಅಂದ್ರ ಮುಂಜಾನಿ ಹಾಕೂದೂ ಬಂದಾಗತೈತಿ ನೋಡ."

ಸಾಹೇಬರು ಕುರ್ಚಿಯಲ್ಲಿ ಕೂತರು, ಬಾಜೂ ಮಾಸ್ತರರು. ನಾನೂ ತಂಗಿಯೂ ಕೆಳಗೆ.

"ಮಧ್ಯಾಹ್ನ ಯಾಕ ಬರೂದಿಲ್ಲವಾ ನೀವು?"

ತಂಗಿ ಬಾಯಿ ತೆರೆದಳು. ನಾನು ಅವಳ ತೊಡೆಯನ್ನು ಗಟ್ಟಿಯಾಗಿ ಚಿವುಟಿ ಹಿಡಿದೆ.

"ಮನ್ಯಾಗ ಕೆಲಸ ಇರತೈತ್ರಿ ಸಾಹೇಬ್ರ," ಎಂದೆ.

ಸಾಹೇಬರು ಬರೆದುಕೊಂಡರು. ತಂಗಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೆ ಅದು ನನ್ನನ್ನು ಇಷ್ಟು ದಿನ ಕಾಡುತ್ತಿರಲಿಲ್ಲ.

ಅವಳು ನಪಾಸಾದಳು. ಕಳೆ ತೆಗೆಯಲು ಹೋದಳು. ಮುಂದೆ ನಾನೂ ಹೋದೆ.

ನನ್ನನ್ನು ಹುಕ್ಕೇರಿಗೆ ಕೊಟ್ಟರು. ಹನ್ನೆರಡು ಹದಿಮೂರು ವರ್ಷದ ಮೇಲೆ ನನ್ನ ಮಗಳು ಅಲ್ಲಿಯ ಸಾಲಿಗೆ ಹೋಗುತ್ತಿದ್ದಳು. ಅಲ್ಲಿಯೂ ಮಧ್ಯಾಹ್ನ ನೀರು ಸುರಿಯುವವರಿಲ್ಲ, ಲೆಕ್ಕವೂ ಮಧ್ಯಾಹ್ನವೇ. ಒಂದು ದಿನ ಮಗಳ ಹಿಂದೆ ಒಬ್ಬ ಬಾಯಿ, ಓದಿದ ಹೆಣ್ಣುಮಗಳು, ಬಿಸಿಲಲ್ಲಿ ನಡೆದುಕೊಂಡೇ ಬಂದಳು. ಕೈಯಲ್ಲಿ ಕಾಗದ. ಸಾಲಿ ಬಿಟ್ಟು ಮನೆಗೆ ಯಾಕೆ ಬಂದೆ ಎಂದು ಅವಳು ಹುಡುಗಿಯನ್ನು ಕೇಳಲಿಲ್ಲ. ಹುಡುಗಿ ಪಾಟಿಯನ್ನು ಮೂಲೆಗೆ ಒಗೆದು ಕೊಡದ ಕಡೆಗೆ ಓಡಿ, ಎರಡು ತಂಬಿಗೆ ಕುಡಿದದ್ದನ್ನು ನಿಂತು ನೋಡಿದಳು.

"ದಿನಾ ಹಿಂಗ ಏನ್ರಿ?" ಎಂದು ನನ್ನನ್ನು ಕೇಳಿದಳು.

ಮಾಸ್ತರರು ಬಾಜೂ ಇರಲಿಲ್ಲ. ಎಲ್ಲ ಹೇಳಿದೆ, ಲೆಕ್ಕದ್ದೂ ಹೇಳಿದೆ. ಆಕೆ ಸುತ್ತಲಿನ ಊರುಗಳಲ್ಲಿಯೂ ಹೀಗೇ ಮಕ್ಕಳ ಹಿಂದೆ ನಡೆದು ಬರೆದುಕೊಂಡಳಂತೆ. ಆಕೆಯ ಕಾಗದ ಯಾವ ಕಚೇರಿಗೆ ಹೋಯಿತೋ ನನಗೆ ತಿಳಿಯದು. ಮರುವರ್ಷ ಸಾಲಿಯ ಪಡಸಾಲೆಗೆ ನಳ ಹಚ್ಚಿದ ಹಂಡೆ ಬಂತು, ತಿರುವಿ ಯಾರಾದರೂ ಕುಡಿಯಬಹುದು. ಲೆಕ್ಕವನ್ನು ಮುಂಜಾನೆಗೆ ತಂದರು. ಮೇಲಿನ ಓಣಿಯ ಕೆಲವರು ತಮ್ಮ ಮಕ್ಕಳಿಗೆ ಮನೆಯಿಂದ ತಂಬಿಗೆ ಕೊಟ್ಟು ಕಳಿಸಿದರು. ಕಳಿಸಲಿ. ನಮ್ಮ ಮಕ್ಕಳು ಸಂಜೆಯವರೆಗೆ ಕೂತರು. ಮಗಳು ಲೆಕ್ಕದಲ್ಲಿ ಪಾಸಾದಳು.

ತಂಗಿ ನಮ್ಮ ಮನೆಗೆ ಬಂದಾಗ ಆ ಹಂಡೆಯನ್ನು ನೋಡಬೇಕೆಂದಳು. ರವಿವಾರ, ಸಾಲಿ ಖಾಲಿ. ಕಳೆ ಕಿತ್ತು ಬಿರಿದ ಕೈಯಿಂದ ನಳ ತಿರುವಿದಳು, ನಿಲ್ಲಿಸಿದಳು, ಮತ್ತೆ ತಿರುವಿದಳು. ಕುಡಿಯಲಿಲ್ಲ.

"ಇಷ್ಟ ಸಾಕಾಗಿತ್ತಲ್ಲಕ್ಕಾ," ಎಂದಳು. "ಇಷ್ಟ ಹೇಳಾಕ ನಿನಗ ಇಷ್ಟ ವರ್ಷ ಬೇಕಾದುವು?"

"ಆಗ ಹೆದರಿದ್ನಿ."

"ನಾ ಹೆದರಿದ್ದಿಲ್ಲ." ಅವಳು ಸೀರೆಯ ಮೇಲಿಂದಲೇ ತೊಡೆಯನ್ನು ಮುಟ್ಟಿಕೊಂಡಳು. "ಎಂಟ ದಿನ ಕಪ್ಪಗಿತ್ತು. ಎಣಿಸಿದ್ನಿ."

ಅವಳು ತೀರಿಹೋಗಿ ಬಹಳ ವರ್ಷವಾಯಿತು. ಈಗಲೂ ಬಿಸಿಲು ನೆತ್ತಿಗೆ ಬಂದು ಸಾಲಿಯ ಗಂಟೆ ಬಾರಿಸಿದರೆ ಯಾರೋ ಹೆಜ್ಜೆ ಎಣಿಸುತ್ತಾ ನನ್ನ ಹಿಂದೆ ಬರುತ್ತಾರೆ. ತಿರುಗಿ ನೋಡುವುದಿಲ್ಲ. ನನ್ನ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಕೂಡಿಕೊಳ್ಳುತ್ತವೆ. ಇನ್ನೊಂದು ಕೈಯಿಂದ ಬಿಡಿಸುತ್ತೇನೆ.