ಮಣ್ಣಿನ ಕಾವಲು

“ಬೀಗರೇ, ಹೊರಡೋಕೆ ಮುಂಚೆ ಚಪ್ಪಲಿ ಒಂಚೂರು ಕೊಡವಿಬಿಡಿ. ತಪ್ಪು ತಿಳ್ಕೋಬೇಡಿ, ಊಟ ಎಷ್ಟು ಬೇಕಾದ್ರೂ ಮಾಡಿ, ಆದ್ರೆ ಹೊಲದ ಮಣ್ಣು ಹೊಲದಲ್ಲೇ ಇರ್ಲಿ. ಹಿಮ್ಮಡಿಗೆ ಇನ್ನೂ ಅಂಟಿದೆ ನೋಡಿ, ಅಲ್ಲೇ ಬದುವಿನ ಮೇಲೆ ಉಜ್ಜಿ.” ಕೈಮುಗಿದುಕೊಂಡೇ ಇಷ್ಟನ್ನು ಹೇಳುವವನು ನನ್ನ ಮೈದುನ, ಇಳಿಜಾರು ಹೊಲದ ಒಡೆಯ. ಮೋಡ ಕಂಡು ಊರೆಲ್ಲ ಹಿಗ್ಗುವಾಗ ಇವನು ಗುದ್ದಲಿ ಹುಡುಕುತ್ತಾನೆ. ಗೋಣಿಚೀಲ ಹೊದ್ದು ಬದುವಿನ ಮೇಲೆ ಓಡಾಡುತ್ತಾ, ಹರಿಯುವ ನೀರಿಗೆ, “ನಿಧಾನಕ್ಕೆ ಹೋಗಮ್ಮ, ನಿನ್ನನ್ನ ಯಾರು ಅಟ್ಟಿಸ್ಕೊಂಡು ಬರ್ತಿದಾರೆ?” ಎಂದು ಬುದ್ಧಿ ಹೇಳುತ್ತಾನೆ. ಕೆಳಗಿನ ಹೊಲದವನು, “ಅಣ್ಣಾ, ಈ ಸಲ ನಿನ್ನ ಮಣ್ಣು ನಮ್ಮ ಕಡೆ ಬರಲೇ ಇಲ್ಲ, ಸಿಟ್ಟಾ?” ಎಂದು ಕೆಣಕಿದರೆ ವಾರಗಟ್ಟಲೆ ಮಾತು ಬಿಡುತ್ತಾನೆ. ಮಳೆ ನಿಂತ ಮೇಲೆ ಚರಂಡಿಗಿಳಿದು, ಕೊಚ್ಚಿಬಂದ ಮಣ್ಣನ್ನು ಬುಟ್ಟಿಗೆ ತುಂಬಿ ಮತ್ತೆ ಮೇಲಕ್ಕೆ ಹೊರುತ್ತಾನೆ. ಸುರಿಯುವುದು ಮಾತ್ರ ಒಂದೇ ಕಡೆ, ಮೇಲಿನ ಮೂಲೆಯಲ್ಲಿ ಎದ್ದು ಕಾಣುವ ಬಂಡೆಯ ಮೇಲೆ. ಆ ಮೂಲೆ ಅವನ ಹೆಂಡತಿಗೆ ಅವಳ ತಾಯಿ ಕೊಟ್ಟ ತುಂಡು ನೆಲ. ಮದುವೆಯಾದ ಹೊಸದರಲ್ಲಿ, ದಾರಿಹೋಕರು ಸಾಲು ನೋಡಿ ಮೆಚ್ಚಲಿ ಎಂದು ಅದನ್ನು ಅಡ್ಡಕ್ಕೆ ಉಳದೆ, ಇಳಿಜಾರಿನ ಉದ್ದಕ್ಕೆ ನೆಟ್ಟಗೆ ಉತ್ತಿದ್ದ. ಒಂದೇ ಮಳೆ ಅದನ್ನು ಬಂಡೆ ಕಾಣುವ ಹಾಗೆ ಬೋಳಿಸಿಕೊಂಡು ಹೋಯಿತು. ಈಗ ಸುತ್ತ ಕಲ್ಲು ಜೋಡಿಸಿ, ಹುಲ್ಲು ನೆಟ್ಟು, ಅಲ್ಲಿ ಮತ್ತೆ ನೆಲ ಮಾಡಲು ಹೊರಟಿದ್ದಾನೆ. ಅವಳು ಆ ಮಾತನ್ನು ಒಮ್ಮೆಯೂ ಎತ್ತಿದವಳಲ್ಲ. “ಒಂದಿನ ನನ್ನ ಉಗುರಿನ ಸಂದಿಯ ಮಣ್ಣನ್ನೂ ಕೇಳ್ತಾರೆ ಅಕ್ಕ,” ಎಂದು ನನ್ನ ಹತ್ತಿರ ನಗುತ್ತಾಳೆ. ನಗುತ್ತಲೇ ಗೆಣಸು ತೊಳೆದು ಮುಗಿಸಿ, ಕೆಸರುನೀರಿನ ಬೋಗುಣಿಯನ್ನು ಸೊಂಟಕ್ಕೇರಿಸಿಕೊಂಡು, ತುಳುಕದ ಹಾಗೆ ಆ ಮೂಲೆಯ ಕಡೆ ಹತ್ತುತ್ತಾಳೆ.